ಮುನ್ನೂರು ಯೆನ್ನಿನ ಲಂಗ

ಕೊಯೆಂಜಿಯ ಹಳೆಬಟ್ಟೆ ಅಂಗಡಿಯಲ್ಲಿ
ಬುಟ್ಟಿಯ ತಳದ ತನಕ ಕೈಯಿಳಿಸಿ
ಕೊತೊಸೆ ಎಳೆದು ತೆಗೆದದ್ದು
ಒಂದು ಗುಲಾಬಿ ಲಂಗ. ಮುನ್ನೂರು ಯೆನ್.
ಜಿಪ್ಪು ಕೆಟ್ಟಿದೆ.
ಕೆಟ್ಟಿದ್ದಕ್ಕೇ ತಾನೆ ಮುನ್ನೂರು.

ರಾತ್ರಿಪಾಳಿಯಲ್ಲಿ ಊಟದ ಡಬ್ಬಿಗೆ ಅನ್ನ ತುಂಬುವ ಕೆಲಸ,
ನಟ್ಟನಡುವೆ ಉಪ್ಪಿನಲ್ಲಿಟ್ಟ ಕೆಂಪು ಹಣ್ಣೊಂದು.
ಬಿಳಿ ಟೋಪಿ, ಬಿಳಿ ಮುಖಗವಸು, ಬಿಳಿ ಬೂಟು,
ಅಲ್ಲಿ ಅವಳ ಹೆಸರು ಹದಿನಾಲ್ಕು.
ಐನೂರರ ನಾಣ್ಯ ಕೈಗೆ ಬಂದಾಗಲೆಲ್ಲ
ಖಾಲಿ ಚಹಾ ಡಬ್ಬಿಯೊಳಗೆ ಠಣ್.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತೇವಲ್ಲ ನಾವು,
ಇವಳು ಹಾಸಿಗೆಯ ಹೊದಿಕೆಯನ್ನೇ ಕತ್ತರಿಸಿ
ಒಳಲಂಗಕ್ಕೆ ಮೂರು ಸುತ್ತು ನೆರಿಗೆ ಹಿಡಿದಳು.
ಕಿಟಕಿಯ ಲೇಸು ಪರದೆ ಕಾಲರಾಯಿತು.
ಎದುರು ಮಹಡಿಯ ಮುದುಕ ಈಗ ದಿನಾ ಬೆಳಿಗ್ಗೆ
ಅವಳ ಹೊಲಿಗೆ ಯಂತ್ರಕ್ಕೆ
ತಲೆಬಾಗಿ ವಂದಿಸುತ್ತಾನೆ.

ಒಂದು ಕಾಲ್ಚೀಲ ಹಳದಿ, ಇನ್ನೊಂದು ನೇರಳೆ,
ಜೋಡಿ ಕಳಕೊಂಡವಕ್ಕೆ ಅರ್ಧ ಬೆಲೆ.
ಬೂಟು ಮಾತ್ರ ಎಲ್ಲೂ ಅಗ್ಗಕ್ಕಿಲ್ಲ.
ಕಾರ್ಖಾನೆ ಬಿಸಾಕಿದ ಬಿಳಿ ಬೂಟಿನ ಮೇಲೆ
ಉಗುರುಬಣ್ಣದಲ್ಲಿ ಸ್ಟ್ರಾಬೆರಿ ಬರೆದಳು,
ಕೈ ತಪ್ಪಿದ ಕಡೆ
ಇನ್ನೂ ಒಂದು ಸ್ಟ್ರಾಬೆರಿ.

ಭಾನುವಾರ. ಹರಾಜುಕು.
ಕೂದಲಲ್ಲಿ ಹದಿನೇಳು ಕ್ಲಿಪ್ಪು, ಕೊರಳಲ್ಲಿ ಪ್ಲಾಸ್ಟಿಕ್ ಮುತ್ತು.
ಹಸಿರು ಫ್ರಾಕಿನ ಹುಡುಗಿಯೊಬ್ಬಳು ಓಡಿಬಂದಳು:
"ಎಷ್ಟು ಮುದ್ದಾಗಿದೆ! ಯಾವ ಅಂಗಡಿಯದು?"
ಕೊತೊಸೆ ಒಂದು ದೊಡ್ಡ ಹೆಸರು ಹೇಳಲೆಂದೇ
ಉಸಿರೆಳೆದಳು.
ಜಿಪ್ಪಿರಬೇಕಾದಲ್ಲಿ ಪಿನ್ನು ಚುಚ್ಚಿತು.
"ಆಯ್!"

ಹಸಿರು ಫ್ರಾಕು ನಗಲಿಲ್ಲ.
ಸುಮ್ಮನೆ ತಿರುಗಿ ನಿಂತು
ಬೆನ್ನು ತೋರಿಸಿತು:
ಕತ್ತಿನಿಂದ ಸೊಂಟದವರೆಗೆ
ಸಾಲಾಗಿ ಆರು ಪಿನ್ನು.