ಮೇಲಕ್ಕೆ ಹರಿದ ಮೇಣ

ಕನಜಾವಾದಲ್ಲಿ ಹಿಮಗಾಳಿ ಎದ್ದ ದಿನ
ಚಿನ್ನದ ರೇಕು ಬಿಡಿಸಬಾರದು ಅನ್ನುತ್ತಾಳೆ ಶಿಗೆನೊ.
ಯಾರೋ ಬಾಗಿಲು ಸರಿಸಿದರೆ ಸಾಕು,
ತಿಂಗಳ ಸಂಬಳ ಹಾರಿ
ಬೆಕ್ಕಿನ ಬೆನ್ನಿಗೆ ಅಂಟೀತು.
ಹಾಗಾಗಿ ಇವತ್ತು
ಬರೀ ನೋಡುವ ಕೆಲಸ.

ಎದುರಿಗೆ ನಿಂತಿದೆ ಗಾಳಿಗೋಡೆ.
ಬಿಯೋಬು ಅಂದರೆ ಅಷ್ಟೇ, ಗಾಳಿಗೆ ಅಡ್ಡ ನಿಂತದ್ದು.
ಆರು ಮಡಿಕೆ. ಕಾಗದದ್ದೇ ಕೀಲು.
ಪೂರ್ತಿ ನೆಟ್ಟಗೆ ಬಿಡಿಸಿದೆಯೋ, ಮುಗ್ಗರಿಸುತ್ತದೆ;
ಅಷ್ಟಿಷ್ಟು ಬಾಗಿದ್ದಕ್ಕೇ
ಇನ್ನೂರೈವತ್ತು ವರ್ಷ ನಿಂತಿದೆ.

ಬಲದಿಂದ ಓದು, ಅನ್ನುತ್ತಾಳೆ ನನಗೆ,
ಹನ್ನೊಂದು ತಿಂಗಳಾದರೂ
ಅಂಟು ಕದಡಲಷ್ಟೇ ಅಪ್ಪಣೆ ಇರುವವಳಿಗೆ.
ಬಲತುದಿಗೆ ಪ್ಲಮ್ ಹೂವು,
ಚಳಿ ಮುಗಿಯುವ ಮೊದಲೇ ಅರಳುವ ಮೊಂಡು.
ಎಡತುದಿ ಮುಟ್ಟುವಷ್ಟರಲ್ಲಿ ಬಿದಿರಿನ ಮೇಲೆ ಹಿಮ,
ಬಿದಿರು ಬಗ್ಗಿದೆ, ಮುರಿದಿಲ್ಲ.
ನಡುವೆ ಪೈನ್ ಮರ, ಕೆಂಪು ನೆತ್ತಿಯ ಏಳು ಕ್ರೌಂಚ.
ಕ್ರೌಂಚಕ್ಕೆ ಸಾವಿರ ವರ್ಷ ಆಯಸ್ಸಂತೆ.
ಮದುವೆಗೆ, ಹೊಸವರ್ಷಕ್ಕೆ, ಮುದುಕರ ಅರುವತ್ತಕ್ಕೆ
ಇದನ್ನು ಬಿಡಿಸಿಟ್ಟವರೆಲ್ಲ
ಆ ಸಾವಿರದಲ್ಲಿ ಒಂದು ಚಿಟಿಕೆ ಕೇಳಿದ್ದರು.

ಈ ಚಿನ್ನದ ಮೋಡ ಏನು ಹೇಳುತ್ತದೆ, ಕೇಳಿದೆ.
ಹೇಳೋದಕ್ಕಲ್ಲ ಕಣೇ, ಮುಚ್ಚೋದಕ್ಕೆ.
ಬರೆಯುವವನ ಕೈ ಸೋತಲ್ಲಿ ಮೋಡ,
ಬರೆಸಿದ ಧಣಿ ನೋಡಲಾರದ ಕಡೆಯೂ ಮೋಡ.

ಕೊಂಡವನು ಒಸಾಕಾದ ತಾಬುಚಿ.
ಏಪ್ರಿಲ್‌ನಲ್ಲಿ ಅವನ ಹೋಟೆಲಿನ ಬಾಗಿಲು ತೆರೆಯಬೇಕು.
ಕಳಿಸಿದ್ದಾನೆ ಕಲೆಗಳ ಪಟ್ಟಿ, ನಂಬರು ಹಾಕಿ, ನಲವತ್ತೊಂದು.
ಇಲಿ ಹಲ್ಲು, ಮಗುವಿನ ಬೆರಳು,
ಯಾರದೋ ಸೀನು, ಯಾರದೋ ಸಾಕೆ.
ಎಲ್ಲ ಹೋಗಲಿ, ನಿನ್ನೆ ಬರೆದಂತಿರಲಿ.
ಹರಿದ ಕೀಲಿನ ಒಳಗಿಂದ ಇಣುಕುತ್ತದೆ
ಇನ್ನೂ ಹಳೆಯ ಲೆಕ್ಕದ ಹಾಳೆ:
ಸೋಯಾ ಎರಡು ಪೀಪಾಯಿ, ಬಾಕಿ.
ಅದು ಬೇರೆಯವರ ಗೋಳು.

ಮೂವತ್ತೆಂಟನೆಯದಕ್ಕೆ ಬಂದಾಗ
ಶಿಗೆನೊಳ ಬಿದಿರಿನ ಚಾಕು ನಿಂತಿತು.
ಮೂರನೆಯ ಮಡಿಕೆಯ ಆಕಾಶದಲ್ಲಿ,
ಎಲ್ಲಕ್ಕಿಂತ ಎತ್ತರದ ಕ್ರೌಂಚದ ಕೊಕ್ಕಿನ ಬಳಿ,
ಒಂದು ಹನಿ ಮೇಣ.
ಜಾರಿದೆ. ಜಾರುತ್ತ ಜಾರುತ್ತ ಗಟ್ಟಿಯಾಗಿದೆ.
ಮೇಲಕ್ಕೆ.

ಮೇಣ ಯಾವಾಗ ಮೇಲಕ್ಕೆ ಹರಿಯುತ್ತದೆ ಹೇಳು?
ಹರಿಯುವುದಿಲ್ಲ, ಅಂದೆ, ನಕ್ಕು.
ಅವಳು ನಗಲಿಲ್ಲ.

ಆಮೇಲೆ ನೆನಪಾಯಿತು.
ನೋಟೋ ಕಡಲ ದಂಡೆಯ ಮನೆ, ನನಗೆ ಆರು ವರ್ಷ.
ತಣ್ಣೀರಿಗೆ ಬಿಸಿನೀರು ಬೆರೆಸುತ್ತಿದ್ದಳು ಅತ್ತೆ,
ಎಂದೂ ಇಲ್ಲದ ಉಲ್ಟಾ ಕ್ರಮ.
ಮಲಗಿಸಿದ್ದ ಅಜ್ಜನ ತಲೆದೆಸೆಗೆ
ಅಪ್ಪ ತಂದಿಟ್ಟ ಪರದೆ ತಲೆಕೆಳಗು.
ತಪ್ಪಾಗಿದೆ, ತಪ್ಪಾಗಿದೆ, ಎಂದು ಕೂಗಿದ್ದೆ.
ಯಾರೂ ಸರಿಮಾಡಲಿಲ್ಲ.

ಇಲ್ಲೂ ಹಾಗೇ ಒಂದು ರಾತ್ರಿ:
ಬೇರು ಮೇಲಾದ ಪೈನ್,
ನೆಲಕ್ಕೆ ನೆತ್ತಿ ಕೊಟ್ಟ ಏಳು ಹಕ್ಕಿ,
ಸಾವಿರ ವರ್ಷಗಳ ಕೊಡ ಬೋರಲು.
ಮಲಗಿದ್ದವರು ಯಾರೋ.
ದೀಪದ ಪಕ್ಕ ಕೂತು ತೂಕಡಿಸಿದವರು,
ಬೆಚ್ಚಿ ಎದ್ದು ಮೇಣದಬತ್ತಿಗೆ ಕೈ ತಗುಲಿಸಿದವರು ಯಾರೋ.
ಬೆಳಗಾದ ಮೇಲೆ ಮತ್ತೆ ನೆಟ್ಟಗೆ ನಿಲ್ಲಿಸಿದ್ದಾರೆ.
ಅದರ ಮುಂದೆ ಮದುವೆಗಳು ಆಗಿವೆ.

ಸಂಜೆ ಶಿಗೆನೊ ತಾಬುಚಿಗೆ ಬರೆದಳು:
ಮೂವತ್ತೆಂಟು, ಕೆರೆದರೆ ಚಿನ್ನವೂ ಎದ್ದು ಬರುತ್ತದೆ.
ಬಿಡುವುದು ಒಳ್ಳೆಯದು.

ಅದು ಸುಳ್ಳು.
ಹನ್ನೊಂದು ತಿಂಗಳಲ್ಲಿ ಅಷ್ಟು ಕಲಿತಿದ್ದೇನೆ.

ಅವಳು ಚಹಾಕ್ಕೆ ಒಳಗೆ ಹೋದಾಗ
ಪರದೆಗೆ ಬೆನ್ನು ಹಾಕಿ ಬಗ್ಗಿದೆ,
ಕಾಲುಗಳ ಸಂದಿನಿಂದ ನೋಡಿದೆ, ಮಕ್ಕಳ ಹಾಗೆ.
ಮೇಣ ಕೆಳಕ್ಕೇ ಹರಿಯುತ್ತಿತ್ತು.