ಬಂದರಿನಲ್ಲಿ ಹಗುರದ ಅತ್ತರು

ಮಂಜಿ ಇವತ್ತೂ ಹೊರಡಲಿಲ್ಲ.
ಸಿಮೆಂಟು, ಈರುಳ್ಳಿ, ಹನ್ನೆರಡು ಆಡು, ಒಂದು ಹೊಲಿಗೆ ಮೆಷಿನು
ಎಲ್ಲ ಹತ್ತಿಸಿ ಆಗಿದೆ, ಕಾಗದಕ್ಕೆ ಸೀಲು ಬಿದ್ದಿಲ್ಲ.
ಹಾಗಾಗಿ ಆಂಡ್ರೋತಿನ ಚೆರಿಯಕೋಯ
ನನ್ನ ಅಂಗಡಿಯ ಸ್ಟೂಲಿನ ಮೇಲೆ.

‘ಬೀವಿಗೆ ಒಂದು ಅತ್ತರು ಬೇಕು ಕಾಕ. ಹಗುರದ್ದು.’

ಊದ್ ಮೂಸಿದ. ಮುದುಕರ ಜುಬ್ಬ, ಅಂದ.
ಮಲ್ಲಿಗೆಗೆ, ನಿಮ್ಮ ಊರಿನ ಮದುವೆ.
ಕಸ್ತೂರಿಯ ಮುಚ್ಚಳ ತೆಗೆಯಲಿಕ್ಕೇ ಬಿಡಲಿಲ್ಲ.

ಮೊನ್ನೆ ಮುಂಬೈಯಿಂದ ಬಂದ ಡಬ್ಬ ಬಿಚ್ಚಿದೆ.
ಮೇಲೆ ನೀಲಿ ನೀರು, ವಾಲಿದ ತೆಂಗು,
ಟೊಪ್ಪಿ ಹಾಕಿದ ಹೆಂಗಸಿನ ಬೆನ್ನು.
‘ದ್ವೀಪದ ಪರಿಮಳ ಅಂತೆ,’ ಎಂದೆ, ಮಾರುವವನ ನಗುವಿನಲ್ಲಿ.
ಅವನ ಮುಂಗೈಗೊಂದು, ನನ್ನದಕ್ಕೊಂದು ಹನಿ.
ಮೊದಲು ಲಿಂಬೆಯ ಎಳೆ ಸಿಪ್ಪೆ,
ಹಿಂದೆಯೇ ಈಗಷ್ಟೆ ಕೆತ್ತಿದ ಬೊಂಡ,
ಆಮೇಲೆ ಎಂತದೋ. ನಲವತ್ತು ವರ್ಷದ ಮೂಗು,
ಹೆಸರು ಸಿಗಲಿಲ್ಲ.

ಅವನು ಶೀಶೆಗಳು ಕಿಣಿಕಿಣಿಸುವಷ್ಟು ನಕ್ಕ.
‘ಯಾರ ದ್ವೀಪ ಇದು?
ನಮ್ಮದು ಕೇದರ ಮೀನು ಬೇಯಿಸಿದ ಹೊಗೆ,
ಕೊಬ್ಬರಿಯ ಕಮಟು, ಜನರೇಟರಿನ ಡೀಸೆಲು,
ಹಡಗು ಬಾರದ ತಿಂಗಳಲ್ಲಿ ಅಕ್ಕಿಯ ಮುಗ್ಗಲು.
ಪರಿಮಳ ಅಂದರೆ ನಮಗೆ
ನಿಮ್ಮ ಈ ಧಕ್ಕೆ: ಬೆಲ್ಲದ ಮಂಡಿ, ಮೆಣಸಿನ ಗೋಣಿ, ಮಣ್ಣು.
ಕೆಂಪು ಮಣ್ಣು ಕಾಕ! ಅಲ್ಲಿ ಅಗೆದಷ್ಟೂ ಬಿಳಿ.’

ಅಷ್ಟು ಹೇಳಿದವನು
ಮುಂಗೈಯನ್ನು ಮತ್ತೆ ಮೂಗಿಗೆ ಒಯ್ದ.
ಸುಮ್ಮನಾದ.
ಹೊರಗೆ ಲಾರಿಯೊಂದು ಹಿಂದೆ ಹಿಂದೆ ಬಂದು,
ಯಾರಿಗೋ ಬೈದು, ಹೋಯಿತು.

‘ಒಂದು ಹೊತ್ತು ಉಂಟು,’ ಅಂದ ಕಡೆಗೆ.
‘ಲುಹರ್ ಕಳೆದ ಮೇಲೆ. ಹವಳದ ಗೋಡೆಯೊಳಗೆ ನೀರು ಅಲುಗುವುದಿಲ್ಲ.
ನಮ್ಮಲ್ಲಿ ನಾಯಿ ಇಲ್ಲ ನೋಡಿ, ಅಷ್ಟು ಮೌನ.
ನಾನು ಮಲಗಿರುತ್ತೇನೆ.
ಅವಳು ಹಗ್ಗದಿಂದ ಒಣಬಟ್ಟೆ ಎಳೆದು
ಏಳಲಿ ಅಂತ ನನ್ನ ಮುಖದ ಮೇಲೆ ಎಸೆಯುತ್ತಾಳೆ.
ಆ ಹೊತ್ತು.
ಇದನ್ನು ಮಾಡಿದವನು ಬಂದಿದ್ದನಾ ಅಲ್ಲಿಗೆ?’

‘ಬಂದಿರಲಿಕ್ಕಿಲ್ಲ,’ ಎಂದೆ.

ಮುನ್ನೂರಕ್ಕೆ ಚೌಕಾಸಿ ಮಾಡಿ ಇನ್ನೂರ ಎಂಬತ್ತಕ್ಕೆ ಒಪ್ಪಿದ.
ಮಣ್ಣಿನ ಅತ್ತರು ಕಪಾಟಿನ ಮೇಲಿನ ಸಾಲಿನಲ್ಲೇ ಇತ್ತು.
ಬೆರಳುದ್ದದ ಶೀಶೆಯಲ್ಲಿ ತುಂಬಿ ಅವನ ಚೀಲಕ್ಕೆ ಹಾಕಿದೆ,
ಹೇಳಲಿಲ್ಲ. ಅಲ್ಲಿ ಹೋಗಿ ಬಿಚ್ಚಲಿ.

ಐದು ಗಂಟೆಗೆ ಸೀಲು ಬಿತ್ತು.
ಆಡುಗಳು ಕೂಗುತ್ತ ಅಳಿವೆ ದಾಟಿದವು.

ಈ ಧಕ್ಕೆಯ ಎದುರೇ ಕೂತು ಕೂದಲು ಬೆಳ್ಳಗಾಯಿತು,
ಒಂದು ಮಂಜಿಯನ್ನೂ ಹತ್ತಿದವನಲ್ಲ ನಾನು.

ರಾತ್ರಿ ಗಂಜಿ ಬಡಿಸುತ್ತ ಅವ್ವಮ್ಮ ಅರ್ಧಕ್ಕೆ ನಿಂತಳು,
ನನ್ನ ತೋಳಿನ ಹತ್ತಿರ ಬಗ್ಗಿದಳು.
‘ಬಿಸಿಲಿಗೆ ಎಲ್ಲಿ ಹೋಗಿದ್ದಿರಿ,
ಈ ಪ್ರಾಯದಲ್ಲಿ,
ಕೊಡೆ ಇಲ್ಲದೆ?’