ಎರಡನೇ ಪೆಟ್ಟು

ಮಿಲ್ಲಿನ ಬಾಯ್ಲರ್ ಸಾಹೇಬ ಊರು ಬಿಡುವಾಗ
ಮಗಳ ಮದುವೆಯ ಬ್ಯಾಂಡಿನ ಬಾಕಿಗೆ ಕೊಟ್ಟು ಹೋದದ್ದು
ಒಂದು ಗ್ರಾಮಫೋನು, ಕಡ್ಡಿ ಮುರಿದ ಛತ್ರಿ,
ಅಂಚು ಸೀಳಿದ ಈ ಕರೀ ತಟ್ಟೆ.

ಲೇಬಲ್ಲಿನ ಮೇಲೆ ಯಾರದೋ ಚಹಾ ಬಟ್ಟಲಿನ ಉಂಗುರ.
ಹಾಡಿದವಳ ಹೆಸರು ಅದರಡಿ ಮುಳುಗಿತ್ತು.
ಕಂಪನಿಯ ಹೆಸರು ಮಾತ್ರ ದಪ್ಪಕ್ಕೆ, ಚಿನ್ನದ ಬಣ್ಣದಲ್ಲಿ.

ಅಪ್ಪ ದಸ್ತಗೀರಸಾಬ, ಬ್ಯಾಂಡಿನ ಕ್ಲಾರಿನೆಟ್ಟು.
ಇಂಗ್ಲಿಷು ಬಾರದು.
"ಆಕಿ ಸಿಟ್ಟಾಗ್ಯಾಳೆ, ಆದ್ರೂ ನಗ್ತಾಳೆ" ಎಂದ,
ಮುಳ್ಳು ಎತ್ತೆತ್ತಿ ಮತ್ತೆ ಮೊದಲಿಗಿಟ್ಟ.
ರಾಗ ಬಂತು. ಮೂರು ರಾತ್ರಿ ತಾಳ ಸಿಗಲಿಲ್ಲ.
ನಾಲ್ಕನೆಯ ದಿನ ಮಂಡಕ್ಕಿ ಭಟ್ಟಿಯಲ್ಲಿ
ಅವ್ವ ಬಿಸಿ ಮರಳು ಜಾಲಿಸುತ್ತ
ಜರಡಿ ಕುಟ್ಟಿದಳು, ಎರಡನೇ ಪೆಟ್ಟು ಜೋರು,
ನಾಲ್ಕನೇದೂ ಜೋರು.
"ಅದೇ! ನಿಲ್ಲಿಸಬ್ಯಾಡ!"

ಆ ವರ್ಷ ಪಿ.ಬಿ. ರೋಡಿನಲ್ಲಿ
ಮದುಮಗನ ಕುದುರೆಗಳು ಬೆದರಿದವು,
ಬೀಗರು ಶಲ್ಯ ಬಿಸಾಕಿ ಕುಣಿದರು.
ಹರಿಹರದ ಬ್ಯಾಂಡಿನವರು ಕದ್ದರು,
ಅವರಿಂದ ರಾಣೆಬೆನ್ನೂರಿನವರು.
"ನಮ್ಮ ಹಾಡು!" ಅಪ್ಪ ಸೈಕಲ್ಲು ಹತ್ತಿ ಜಗಳಕ್ಕೆ ಹೊರಟ.
ರೈಲ್ವೆ ಗೇಟು ಹಾಕಿತ್ತು. ನಿಂತ.
ಗೂಡ್ಸ್ ಗಾಡಿ ಪೂರಾ ದಾಟಿ ಹೋಯಿತು,
ಗೇಟು ತೆರೆಯಿತು,
ಅಪ್ಪ ತಿರುಗಿ ಮನೆಗೆ ಬಂದ.

ಹಸಿ ಬಟ್ಟೆ ಹಿಡಿದು
ಆ ಚಹಾ ಕಲೆ ಉಜ್ಜುತ್ತ ಕೂತ.
ಮೊದಲ ಅಕ್ಷರ ಮೇಲೆದ್ದಿತು. ನಾನು ಓದಿದೆ: ಬಿ.
ಮಿಕ್ಕಿದ್ದು ಬಟ್ಟೆಗೇ ಅಂಟಿತು.

ಈಗಲೂ ದಿಬ್ಬಣದಲ್ಲಿ ಯಾರಾದರೊಬ್ಬರು ಕೂಗುತ್ತಾರೆ:
"ದಸ್ತಗೀರಸಾಬನ ಆ ಹಾಡು ಹೊಡೀರಿ!"
ಡ್ರಮ್ಮು ಹೊಡೆಯುತ್ತೇನೆ. ಎರಡನೇ ಪೆಟ್ಟಿಗೆ ಅವ್ವನ ಜರಡಿ.
ಮೊದಲನೇದಕ್ಕೂ ಮುಂಚೆ, ಕೋಲು ಎತ್ತಿದ ಹೊತ್ತಿಗೆ,
ತುಟಿ ತಾನೇ ಕೂಡಿ ಬಿಡುತ್ತದೆ:
ಬಿ.